ಜರ್ಮನಿಯ ಟ್ಯೂಬಿಂಗನ್‌ಗೆ ಬಂದಿದ್ದೀರಾ? ಇಲ್ಲಿನ ಪೇಪರ್ ಹಾಕಿಸಿಕೊಳ್ಳಿ

ವಿಳಾಸ ನೋಂದಣಿ, ಬ್ಯಾಂಕ್ ಖಾತೆ, ಆರೋಗ್ಯ ವಿಮೆ ಹೇಗೋ ಆಗುತ್ತವೆ, ಆಫೀಸಿನಲ್ಲಿ ಯಾರಾದರೂ ಹೇಳಿಕೊಡುತ್ತಾರೆ. ಪೇಪರಿನ ವಿಷಯ ಮಾತ್ರ ಯಾರೂ ಎತ್ತುವುದಿಲ್ಲ. ನಮ್ಮವರು ವರ್ಷಗಟ್ಟಲೆ ಇಲ್ಲಿದ್ದೂ ಬೆಳಗ್ಗೆ ಕಾಫಿ ಜೊತೆ ಫೋನಿನಲ್ಲಿ ಬೆಂಗಳೂರಿನ ಮಳೆ ಸುದ್ದಿ ಓದುತ್ತಾರೆ. ಎದುರು ಬೀದಿ ಯಾಕೆ ಅಗೆದಿದ್ದಾರೆಂದು ಕೇಳಿದರೆ ಗೊತ್ತಿಲ್ಲ.

ಇಲ್ಲಿನ ದಿನಪತ್ರಿಕೆ ‘ಶ್ವೇಬಿಶೆಸ್ ಟಾಗ್‌ಬ್ಲಾಟ್’. ಸೋಮವಾರದಿಂದ ಶನಿವಾರದವರೆಗೆ ಬರುತ್ತದೆ, ಸರ್ಕಾರಿ ರಜೆಗಳಂದು ಇಲ್ಲ. ಮೊದಲ ಸಂಚಿಕೆ 1945ರ ಸೆಪ್ಟೆಂಬರ್ 21ರದು. ಯುದ್ಧ ಮುಗಿದ ಮೇಲೆ ಮಿತ್ರಪಡೆಗಳು ನಾಜಿ ಕಾಲದ ಪತ್ರಿಕೆಗಳನ್ನು ಮುಚ್ಚಿಸಿ, ಪರವಾನಗಿ ಪಡೆದವರಿಗಷ್ಟೇ ಅಚ್ಚು ಹಾಕಲು ಬಿಟ್ಟಿದ್ದವು. ಟ್ಯೂಬಿಂಗನ್ ಆಗ ಫ್ರೆಂಚ್ ಪಡೆಗಳ ಹಿಡಿತದ ವಲಯದಲ್ಲಿತ್ತು. ಹತ್ತಿರದ ರೊಟ್ಟೆನ್‌ಬುರ್ಗ್‌ನಲ್ಲಿ ಮನೆ ಮಾಡಿದವರಿಗೆ ಇದೇ ಪತ್ರಿಕೆ ‘ರೊಟ್ಟೆನ್‌ಬುರ್ಗರ್ ಪೋಸ್ಟ್’, ಮೊಸಿಂಗನ್ ಕಡೆಯವರಿಗೆ ‘ಸ್ಟೈನ್‌ಲಾಖ್ ಬೋಟೆ’. ಒಂದು ಕಾಲದಲ್ಲಿ ಇದರ ಎಡಪಂಥೀಯ ಒಲವಿಗೆ ಜನ ‘ನೆಕ್ಕರ್ ಪ್ರಾವ್ದಾ’ ಎಂದು ಅಡ್ಡಹೆಸರಿಟ್ಟಿದ್ದರು; ನೆಕ್ಕರ್ ಇಲ್ಲಿನ ನದಿ, ಪ್ರಾವ್ದಾ ಸೋವಿಯತ್ ಕಮ್ಯುನಿಸ್ಟ್ ಪಕ್ಷದ ಪತ್ರಿಕೆ.

ಓದುವಾಗ ಹೊಸಬರು ಎಡವುವುದು ಮುಖಪುಟದಲ್ಲೇ. ಬರ್ಲಿನ್, ಬ್ರಸೆಲ್ಸ್ ಸುದ್ದಿಯ ಹೊರಪುಟಗಳನ್ನು ಬಹುಕಾಲದಿಂದ ಸಿದ್ಧಪಡಿಸುತ್ತಿರುವುದು ಇಲ್ಲಿನವರಲ್ಲ, ಉಲ್ಮ್ ನಗರದ ‘ಸುಡ್‌ವೆಸ್ಟ್ ಪ್ರೆಸ್ಸೆ’ ಪತ್ರಿಕೆಯವರು. ಇಂಥ ಸಣ್ಣ ಪತ್ರಿಕೆಗಳು ಉಳಿದಿರುವುದೇ ಈ ಏರ್ಪಾಡಿನಿಂದ. ಪಶ್ಚಿಮ ಜರ್ಮನಿಯಲ್ಲಿ ಪೂರ್ಣ ಸ್ವಂತ ಸಂಪಾದಕೀಯ ಬಳಗವಿದ್ದ ದಿನಪತ್ರಿಕೆಗಳು 1954ರಲ್ಲಿ 225 ಇದ್ದವು, 1976ರ ಹೊತ್ತಿಗೆ 121ಕ್ಕೆ ಇಳಿದವು. ಈ ಊರಿನ ಸುದ್ದಿ ಬೇಕೆಂದರೆ ಹೊರಪುಟಗಳನ್ನು ಪಕ್ಕಕ್ಕಿಟ್ಟು ಲೋಕಾಲ್‌ಟೈಲ್‌ನಿಂದ, ಎಂದರೆ ನಮ್ಮ ಜಿಲ್ಲಾ ಪುಟಗಳಂಥ ಭಾಗದಿಂದ, ಶುರು ಮಾಡಿ. ಉದಾಹರಣೆಗೆ, 2022ರ ಜನವರಿಯಿಂದ ಇಲ್ಲಿ ಪಾರ್ಸೆಲ್ ಕಾಫಿಯ ಬಿಸಾಡುವ ಲೋಟಕ್ಕೆ 50 ಸೆಂಟ್ ತೆರಿಗೆ ಇದೆ. ಸಾಂವಿಧಾನಿಕ ನ್ಯಾಯಾಲಯ ಅದನ್ನು ಎತ್ತಿಹಿಡಿದ ತೀರ್ಪು 2025ರಲ್ಲಿ ಹೊರಬಿದ್ದಾಗ ದೇಶವೆಲ್ಲ ಚರ್ಚಿಸಿತು. ಲೋಕಾಲ್‌ಟೈಲ್ ಓದುವವರಿಗೆ ಅದು ಹಳೇ ಜಗಳ.

ಶನಿವಾರದ ಸಂಚಿಕೆ ಬಿಡಬೇಡಿ. ಮನೆ ಬಾಡಿಗೆಯ ಜಾಹೀರಾತುಗಳಲ್ಲಿ ‘ಝಡ್‌ಕೆಬಿ’ ಎಂದರೆ ಕೋಣೆ, ಅಡುಗೆಮನೆ, ಬಚ್ಚಲು. ‘ಕೆಎಂ’ ಎಂದರೆ ನೀರು, ಹೀಟಿಂಗ್ ಖರ್ಚು ಸೇರದ ಬಾಡಿಗೆ. ಫೋನ್ ನಂಬರಿನ ಬದಲು ‘ಶಿಫ್ರೆ’ ಸಂಖ್ಯೆ ಇದ್ದರೆ, ಆ ಸಂಖ್ಯೆಯನ್ನು ಲಕೋಟೆಯ ಮೇಲೆ ಬರೆದು ನಿಮ್ಮ ಪತ್ರವನ್ನು ಪತ್ರಿಕಾ ಕಚೇರಿಗೆ ಕಳಿಸಬೇಕು, ಅವರು ಮಾಲೀಕರಿಗೆ ಮುಟ್ಟಿಸುತ್ತಾರೆ. ವಯಸ್ಸಾದ ಮಾಲೀಕರಿಗೆ ಈ ಪದ್ಧತಿಯೇ ಇಷ್ಟ. ನಮ್ಮವರು ಪತ್ರ ಬರೆಯುವ ರಗಳೆ ಯಾರಿಗೆ ಬೇಕೆಂದು ಬಿಟ್ಟು ವೆಬ್‌ಸೈಟಿನಲ್ಲಿ ನೂರಾರು ಜನರ ಜೊತೆ ಗುದ್ದಾಡುತ್ತಾರೆ. ಮರಣ ಪ್ರಕಟಣೆಗಳನ್ನೂ ನೋಡಿ. ಪಕ್ಕದ ಮನೆಯ ಅಜ್ಜ ತೀರಿಕೊಂಡದ್ದು ಅಲ್ಲೇ ತಿಳಿಯುವುದು. ಸಮಾಧಿಯ ಬಳಿ ಸಾಂತ್ವನ ಹೇಳುವುದು ಬೇಡ ಎಂಬ ಸಾಲಿದ್ದರೆ ಕಾರ್ಡ್ ಕಳಿಸಿ ಸುಮ್ಮನಿರಿ. ಸಾವಿನ ಮನೆಗೆ ಕರೆಯದೆಯೇ ಹೋಗುವ ನಮಗೆ ಇದು ಒಗ್ಗಲು ಕಷ್ಟ.

ಚಂದಾ ವಿಷಯದಲ್ಲಿ ಊರಿನ ಅಭ್ಯಾಸ ಕೈಕೊಡುತ್ತದೆ. ಪೇಪರ್ ಹುಡುಗನಿಗೆ ‘ನಾಳೆಯಿಂದ ಬೇಡಪ್ಪ’ ಎಂದರೆ ಅಲ್ಲಿ ಮುಗಿಯಿತು. ಇಲ್ಲಿ ಸಹಿ ಮಾಡಿದ್ದು ಕರಾರು. ಸೂಪರ್‌ಮಾರ್ಕೆಟ್ ಬಾಗಿಲಲ್ಲಿ ಉಡುಗೊರೆ ತೋರಿಸಿ ಸಹಿ ಹಾಕಿಸಿಕೊಳ್ಳುವ ಕರಾರಿಗೆ ಎರಡು ವರ್ಷದವರೆಗೂ ಅವಧಿ ಇರಬಹುದು. ಮನೆಬಾಗಿಲಲ್ಲೋ ಆನ್‌ಲೈನಿನಲ್ಲೋ ಮಾಡಿದ್ದಾದರೆ 14 ದಿನಗಳೊಳಗೆ ಹಿಂತೆಗೆದುಕೊಳ್ಳಬಹುದು. 2022ರ ಮಾರ್ಚ್ ನಂತರದ ಕರಾರುಗಳನ್ನು ಮೊದಲ ಅವಧಿ ಮುಗಿದ ಮೇಲೆ ಒಂದು ತಿಂಗಳ ನೋಟಿಸಿನಲ್ಲಿ ನಿಲ್ಲಿಸಬಹುದು. ಎರಡು ವಾರದ ಪ್ರೋಬೆ-ಆಬೊ, ಎಂದರೆ ಪ್ರಾಯೋಗಿಕ ಚಂದಾ, ತಾನಾಗಿ ಮುಗಿಯುತ್ತದೋ ಚಂದಾ ಆಗಿ ಮುಂದುವರಿಯುತ್ತದೋ ಎಂದು ಸಹಿಗೆ ಮೊದಲೇ ಓದಿ. ಪ್ರಾದೇಶಿಕ ಪತ್ರಿಕೆಯ ಮುದ್ರಿತ ಪ್ರತಿಗೆ ತಿಂಗಳಿಗೆ 50 ಯೂರೋ ಆಸುಪಾಸು, ಇ-ಪೇಪರ್ ಅಗ್ಗ, ವಿದ್ಯಾರ್ಥಿಗಳಿಗೆ ರಿಯಾಯಿತಿ. ದುಬಾರಿಯೆನಿಸಿದರೆ ನಗರ ಗ್ರಂಥಾಲಯದಲ್ಲಿ ಕೂತು ಓದಿ.

ಬೆಲೆ ಏರಲು ವಿತರಣೆಯೂ ಕಾರಣ. ಕತ್ತಲಲ್ಲೇ ಮನೆಮನೆಗೆ ಹಾಕುವವರಿಗೆ 2018ರಿಂದ ಪೂರ್ತಿ ಕನಿಷ್ಠ ವೇತನ ಕೊಡಬೇಕಾಗಿದೆ, ಮನೆಗಳು ದೂರದೂರವಿದ್ದರೆ ಲೆಕ್ಕ ಹೊಂದುವುದಿಲ್ಲ. ತುರಿಂಗಿಯಾ ರಾಜ್ಯದ ಗ್ರೈಟ್ಸ್ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ 2023ರಲ್ಲಿ ಮುದ್ರಿತ ಪ್ರತಿ ಹಾಕುವುದನ್ನೇ ನಿಲ್ಲಿಸಿದರು. ಪೇಪರ್ ಬಾರದ ದಿನ ಅಂದೇ ದೂರು ಕೊಡಿ. ಟಪಾಲು ಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಮಾತ್ರ ತಪ್ಪು ನಿಮ್ಮದೇ.

ಮಕ್ಕಳಿಗೆ ಸೋಮವಾರದ ಕ್ರೀಡಾಪುಟ ತೋರಿಸಿ. ತಮ್ಮ ಕ್ಲಬ್ಬಿನ ಹೆಸರು ಅಚ್ಚಿನಲ್ಲಿ ಕಂಡ ಮಗುವಿಗೆ ಈ ಊರು ತನ್ನದಾಗಲು ತಡವಾಗುವುದಿಲ್ಲ. ಆ ಮಗು ಕನ್ನಡ ಪೇಪರನ್ನು ಹಾಗೆ ಎಂದೂ ಹರವಿಕೊಂಡು ಕೂರುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. 1843ರಲ್ಲಿ ಮೊದಲ ಕನ್ನಡ ಪತ್ರಿಕೆ ‘ಮಂಗಳೂರು ಸಮಾಚಾರ’ ತಂದ ಮೋಗ್ಲಿಂಗ್ ಇದೇ ವ್ಯುರ್ಟೆಂಬೆರ್ಗ್ ಸೀಮೆಯವರು, ನಿಘಂಟಿನ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್ನಿನಲ್ಲೇ. ಇದನ್ನಾದರೂ ಮಕ್ಕಳಿಗೆ ಹೇಳಿ.

ರಜೆಗೆ ಊರಿಗೆ ಹೊರಡುವ ಒಂದು ವಾರ ಮೊದಲೇ ಪೇಪರ್ ತಾತ್ಕಾಲಿಕವಾಗಿ ನಿಲ್ಲಿಸಲು ತಿಳಿಸಿ. ತುಂಬಿ ತುಳುಕುವ ಪೆಟ್ಟಿಗೆ ನೋಡಿದರೆ ಮನೆ ಖಾಲಿಯೆಂದು ಕಳ್ಳರಿಗೂ ತಿಳಿಯುತ್ತದೆ. ಮನೆ ಬದಲಿಸಿದಾಗಲೂ ಹೊಸ ವಿಳಾಸವನ್ನು ಪತ್ರಿಕೆಗೆ ಬೇರೆಯಾಗಿಯೇ ಕೊಡಬೇಕು, ನಗರಸಭೆಯವರು ಹೇಳುವುದಿಲ್ಲ.