ಮುಂದಿನ ಕ್ಲಾಸಿಗೆ ಏರಬೇಕಾ, ಬೇಡವಾ? ಎಳೆಯ ಶೂಟರ್‌ಗೆ ಒಂದಿಷ್ಟು ಲೆಕ್ಕ, ಒಂದಿಷ್ಟು ಸಲಹೆ

ಪ್ರಾಕ್ಟಿಕಲ್ ಶೂಟಿಂಗ್‌ನಲ್ಲಿ ಶೂಟರ್‌ನ ಮಟ್ಟಕ್ಕೆ ಕ್ಲಾಸ್ ಅನ್ನುತ್ತಾರೆ, ನೀನೀಗ ಬಿ ಕ್ಲಾಸಿನಲ್ಲಿದ್ದೀಯ. ಶೇಕಡಾ 72ರ ಹತ್ತಿರ ಬಂದಿದ್ದೀಯ. 75 ಮುಟ್ಟಿದರೆ ಎ. ಈಗ ಅಭ್ಯಾಸ ಮಾಡುವುದೂ ಅದಕ್ಕೇ, ಪಂದ್ಯಕ್ಕೆ ಹೋಗುವುದೂ ಅದಕ್ಕೇ, ಮನೆಗೆ ಬಂದರೆ ಕೇಳುವ ಮೊದಲ ಪ್ರಶ್ನೆಯೂ 'ಎ ಬಂತಾ?' ಅಂತಲೇ. ಹೀಗಾದರೆ ಅದರ ಹಿಂದೆ ಬೀಳಬೇಕಾ ಬೇಡವಾ ಅನ್ನುವ ಅನುಮಾನ ಬರುವುದು ಸಹಜ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಿ ಕ್ಲಾಸಿನ ತನಕ ಧಾರಾಳವಾಗಿ ಬೆನ್ನು ಹತ್ತು, ಅದರಿಂದ ಲಾಭವೇ ಜಾಸ್ತಿ. ಅಲ್ಲಿಂದ ಮುಂದೆ ಕ್ಲಾಸನ್ನು ಬಿಟ್ಟು ಇಡೀ ಪಂದ್ಯದ ಫಲಿತಾಂಶದ ಬೆನ್ನು ಹತ್ತು. ಕ್ಲಾಸ್ ಬರುತ್ತದೆ, ಸ್ವಲ್ಪ ತಡವಾಗಿ ಬರುತ್ತದೆ ಅಷ್ಟೇ. ನಾನು ಹೇಳುತ್ತಿರುವುದು ಅಮೆರಿಕದಲ್ಲಿ ಯುಎಸ್‌ಪಿಎಸ್‌ಎ (ಯುನೈಟೆಡ್ ಸ್ಟೇಟ್ಸ್ ಪ್ರಾಕ್ಟಿಕಲ್ ಶೂಟಿಂಗ್ ಅಸೋಸಿಯೇಷನ್) ನಡೆಸುವ ಪ್ರಾಕ್ಟಿಕಲ್ ಶೂಟಿಂಗ್ ಬಗ್ಗೆ, ಅಂದರೆ ಓಡುತ್ತಾ, ಬಾಗುತ್ತಾ, ಮ್ಯಾಗಝಿನ್ ಬದಲಿಸುತ್ತಾ, ಟೈಮರ್ ಓಡುತ್ತಿರುವಾಗಲೇ ಹೊಡೆಯುವ ಆಟ. ಬೇರೆ ಆಟಗಳಲ್ಲೂ ಕ್ಲಾಸ್ ಇದೆ, ಆದರೆ ಲೆಕ್ಕ ಬೇರೆ.

ಮೊದಲು ಲೆಕ್ಕ ಅರ್ಥ ಮಾಡಿಕೋ

ಈ ಆಟದಲ್ಲಿ ಎಲ್ಲವೂ ಹಿಟ್ ಫ್ಯಾಕ್ಟರ್ ಮೇಲೆ ನಿಂತಿದೆ. ಗಳಿಸಿದ ಅಂಕವನ್ನು ತೆಗೆದುಕೊಂಡ ಸೆಕೆಂಡಿನಿಂದ ಭಾಗಿಸಿದರೆ ಅದೇ ಹಿಟ್ ಫ್ಯಾಕ್ಟರ್. ಗುರಿಯ ಮಧ್ಯದ ಎ ವಲಯಕ್ಕೆ ಬಿದ್ದರೆ 5 ಅಂಕ. ಗುಂಡಿನ ತೂಕ ಮತ್ತು ವೇಗದಿಂದ ಅಳೆಯುವ ಬಲಕ್ಕೆ ಪವರ್ ಫ್ಯಾಕ್ಟರ್ ಅನ್ನುತ್ತಾರೆ, ಕಡಿಮೆಯದು ಮೈನರ್, ಹೆಚ್ಚಿನದು ಮೇಜರ್. ಮೈನರ್ ಪವರ್ ಫ್ಯಾಕ್ಟರ್‌ನಲ್ಲಿ ಸಿ ವಲಯಕ್ಕೆ 3, ಡಿ ವಲಯಕ್ಕೆ 1. ಮೇಜರ್ ಆದರೆ 4 ಮತ್ತು 2. ಗುರಿ ಪೂರ್ತಿ ತಪ್ಪಿದರೆ ಆ ಗುಂಡಿನ ಅಂಕ ಹೋಗುವುದಲ್ಲದೆ ಇನ್ನೂ 10 ಕಳೆಯುತ್ತಾರೆ.

ಕ್ಲಾಸ್ ನಿರ್ಧಾರ ಆಗುವುದು ಕ್ಲಾಸಿಫೈಯರ್ ಅನ್ನುವ ವಿಶೇಷ ಸ್ಟೇಜ್‌ಗಳಿಂದ (ಪಂದ್ಯದಲ್ಲಿ ಗುರಿಗಳನ್ನು ಜೋಡಿಸಿಟ್ಟ ಒಂದೊಂದು ಸವಾಲೂ ಒಂದು ಸ್ಟೇಜ್). ಎಲ್ಲಿ ಕಟ್ಟಿದರೂ ಅವುಗಳ ಅಳತೆ, ದೂರ, ನಿಯಮ ಒಂದೇ. ಪ್ರತಿ ಡಿವಿಷನ್‌ಗೂ (ಪಿಸ್ತೂಲಿನ ಬಗೆಗೆ ತಕ್ಕಂತೆ ಮಾಡಿದ ವಿಭಾಗ) ಆ ಸ್ಟೇಜ್‌ನ ಅತ್ಯುತ್ತಮ ಹಿಟ್ ಫ್ಯಾಕ್ಟರ್ ಇಷ್ಟು ಅಂತ ಗೊತ್ತು ಮಾಡಿರುತ್ತಾರೆ, ನಿನ್ನದು ಅದರ ಶೇಕಡಾ ಎಷ್ಟು ಅಂತ ನೋಡುತ್ತಾರೆ. ಶೇಕಡಾ 40 ದಾಟಿದರೆ ಸಿ, 60ಕ್ಕೆ ಬಿ, 75ಕ್ಕೆ ಎ, 85ಕ್ಕೆ ಮಾಸ್ಟರ್, 95ಕ್ಕೆ ಗ್ರ್ಯಾಂಡ್ ಮಾಸ್ಟರ್. 40ಕ್ಕಿಂತ ಕೆಳಗಿದ್ದರೆ ಡಿ. ಮೊದಲ ಸಲ ಕ್ಲಾಸ್ ಸಿಗಲು ನಾಲ್ಕು ಸ್ಕೋರ್ ಬೇಕು. ಆಮೇಲೆ ಇತ್ತೀಚಿನ ಎಂಟರಲ್ಲಿ ಉತ್ತಮವಾದ ಆರರ ಸರಾಸರಿ.

ಉತ್ತಮವಾದ ಆರು ಅನ್ನುವುದನ್ನು ಗಮನಿಸಿದೆಯಾ? ಇಡೀ ಸಮಸ್ಯೆ ಇರುವುದು ಅಲ್ಲಿಯೇ.

ಎಲ್ ಪ್ರೆಸಿಡೆಂಟೆ ಅನ್ನುವ ಹಳೆಯ ಕ್ಲಾಸಿಫೈಯರ್ ತೆಗೆದುಕೋ. 10 ಗಜ ದೂರದಲ್ಲಿ ಮೂರು ಗುರಿ. ಬೆನ್ನು ಹಾಕಿ, ಕೈ ಮೇಲೆತ್ತಿ ನಿಲ್ಲಬೇಕು. ಬೀಪ್ ಕೇಳಿದ ತಕ್ಷಣ ತಿರುಗಿ, ಪಿಸ್ತೂಲ್ ತೆಗೆದು, ಒಂದೊಂದಕ್ಕೆ ಎರಡೆರಡು ಗುಂಡು. ರೀಲೋಡ್ ಮಾಡಿ ಮತ್ತೆ ಎರಡೆರಡು. ಒಟ್ಟು 12 ಗುಂಡು, 60 ಅಂಕ. ಒಬ್ಬ ನಿಧಾನವಾಗಿ, ಎಲ್ಲವನ್ನೂ ಎ ವಲಯಕ್ಕೇ ಹಾಕಿ 7.5 ಸೆಕೆಂಡಿನಲ್ಲಿ ಮುಗಿಸಿದ. ಹಿಟ್ ಫ್ಯಾಕ್ಟರ್ 8. ಇನ್ನೊಬ್ಬ ಕಣ್ಣು ಮುಚ್ಚಿ ಓಡಿದ ಹಾಗೆ 5.5 ಸೆಕೆಂಡಿನಲ್ಲಿ ಮುಗಿಸಿದ, ಹನ್ನೊಂದು ಎ, ಒಂದು ಮಿಸ್. 55ರಲ್ಲಿ 10 ಕಳೆದರೆ 45, ಭಾಗಿಸು 5.5, ಸುಮಾರು 8.18. ಒಂದು ಗುಂಡು ಪೂರ್ತಿ ಹಾರಿ ಹೋಗಿದ್ದರೂ ಅವನೇ ಮುಂದೆ! ಮುಂದಿನ ಸಲ ಅದೇ ವೇಗದಲ್ಲಿ ಎರಡು ಮಿಸ್ ಆದರೆ 30 ಅಂಕ, ಹಿಟ್ ಫ್ಯಾಕ್ಟರ್ 5.45ಕ್ಕೆ ಬಿತ್ತು. ಆದರೆ ಏನಂತೆ, ಎಂಟರಲ್ಲಿ ಎರಡು ಕೆಟ್ಟದ್ದು ಹೇಗೂ ಲೆಕ್ಕಕ್ಕೆ ಬರುವುದಿಲ್ಲ.

ಪಂದ್ಯದಲ್ಲಿ ಹಾಗಲ್ಲ. ಅಲ್ಲಿ ಒಂದು ಸ್ಟೇಜನ್ನೂ ಬಿಡುವುದಿಲ್ಲ, ಕೆಟ್ಟದ್ದೂ ಸೇರಿ ಎಲ್ಲದರ ಮೊತ್ತ. ಜೂಜಾಡಿ ಕ್ಲಾಸ್ ಏರಿದ ಹುಡುಗ ದೊಡ್ಡ ಪಂದ್ಯದಲ್ಲಿ ಎರಡು ಸ್ಟೇಜ್ ಅದ್ಭುತವಾಗಿ ಹೊಡೆದು, ಮೂರನೆಯದರಲ್ಲಿ ಮಿಸ್ ಮೇಲೆ ಮಿಸ್ ಮಾಡಿ, ತನಗಿಂತ ಕೆಳಗಿನ ಕ್ಲಾಸಿನವರ ಕೆಳಗೆ ಹೋಗಿ ಕೂರುತ್ತಾನೆ. ಇಂಥವರಿಗೆ 'ಪೇಪರ್ ಗ್ರ್ಯಾಂಡ್ ಮಾಸ್ಟರ್' ಅಂತ ಹೆಸರೇ ಇದೆ. ಹುಡುಗರಿಗೆ ಈ ಚಟ ಬೇಗ ಹತ್ತುತ್ತದೆ, ಯಾಕೆಂದರೆ ಅವರ ಕೈ ಚುರುಕು, ಒಂದೆರಡು ಸಲ ಅದೃಷ್ಟ ಹತ್ತಿದರೆ ಅದೇ ತನ್ನ ನಿಜವಾದ ವೇಗ ಅಂತ ನಂಬಿಬಿಡುತ್ತಾರೆ.

ಹಾಗಾದರೆ ಬಿ ತನಕ ಯಾಕೆ ಬೆನ್ನು ಹತ್ತಬೇಕು?

ಯಾಕೆಂದರೆ ಅಲ್ಲಿಯ ತನಕ ಕ್ಲಾಸಿಫೈಯರ್ ಕೇಳುವುದೆಲ್ಲ ನಿನಗೆ ಹೇಗೂ ಬೇಕಾದದ್ದೇ. ಹೋಲ್‌ಸ್ಟರ್‌ನಿಂದ ಸಲೀಸಾಗಿ ತೆಗೆಯುವುದು, ಪ್ರತಿ ಸಲ ಒಂದೇ ಥರ ಹಿಡಿಯುವುದು, ತಡವರಿಸದೆ ರೀಲೋಡ್ ಮಾಡುವುದು, ಒಂದು ಗುರಿಯಿಂದ ಇನ್ನೊಂದಕ್ಕೆ ಕಣ್ಣು ಮೊದಲು, ಪಿಸ್ತೂಲ್ ಆಮೇಲೆ ಹೋಗುವುದು, ಒಂಟಿ ಕೈಯಲ್ಲಿ ಹೊಡೆಯುವುದು. ಎಡಗೈಯಲ್ಲಿ ಹೊಡೆಯುವ ಅಭ್ಯಾಸವನ್ನು ಸ್ವಂತ ಇಷ್ಟದಿಂದ ಮಾಡುವ ಹುಡುಗನನ್ನು ನಾನು ಇನ್ನೂ ನೋಡಿಲ್ಲ, ಕ್ಲಾಸಿಫೈಯರ್ ಅದನ್ನು ಬಲವಂತವಾಗಿ ಮಾಡಿಸುತ್ತದೆ. ಡಿ ಮತ್ತು ಸಿ ಕ್ಲಾಸಿನಲ್ಲಿ ಶೇಕಡಾ ಏರುತ್ತಿದೆ ಅಂದರೆ ಮೂಲಪಾಠ ಗಟ್ಟಿಯಾಗುತ್ತಿದೆ ಅಂತಲೇ ಅರ್ಥ.

ಅದರಾಚೆಗೆ ಚಿತ್ರ ಬದಲಾಗುತ್ತದೆ. ಹೆಚ್ಚಿನ ಕ್ಲಾಸಿಫೈಯರ್‌ಗಳು ಚಿಕ್ಕವು, ಬಹುಪಾಲು ಒಂದೇ ಕಡೆ ನಿಂತು ಹೊಡೆಯುವಂಥವು. ಪಂದ್ಯ ಗೆಲ್ಲಿಸುವ ಕೆಲಸಗಳು ಅಲ್ಲಿ ಹೆಚ್ಚು ಕಾಣುವುದಿಲ್ಲ. ಒಂದು ಜಾಗಕ್ಕೆ ಪಿಸ್ತೂಲ್ ಎತ್ತಿಕೊಂಡೇ ಬಂದು ಕಾಲು ನಿಲ್ಲುವ ಮೊದಲೇ ಹೊಡೆಯಲು ಶುರು ಮಾಡುವುದು, ಕೊನೆಯ ಗುಂಡು ಹೋಗುತ್ತಿದ್ದಂತೆ ಹೊರಡುವುದು, ನಡೆಯುತ್ತಾ ಹೊಡೆಯುವುದು, 30 ಗುಂಡಿನ ಸ್ಟೇಜನ್ನು ಮೊದಲೇ ಮನಸ್ಸಿನಲ್ಲಿ ಓಡಿಸಿ ನೆನಪಿಟ್ಟುಕೊಳ್ಳುವುದು. ಎ ಕ್ಲಾಸಿಗೆ ಹಂಬಲಿಸಿ ಎಲ್ ಪ್ರೆಸಿಡೆಂಟೆಯಲ್ಲಿ ಕಾಲು ಸೆಕೆಂಡ್ ಉಳಿಸಲು ಇಡೀ ತಿಂಗಳು ಕಳೆಯುವವನು, ಒಂದು ಉದ್ದ ಸ್ಟೇಜಿನಲ್ಲಿ ಸುಮ್ನೆ ಕಾಲೆಳೆದುಕೊಂಡು ಓಡಿ ಮೂರು ಸೆಕೆಂಡ್ ಕಳೆದುಕೊಳ್ಳುವುದು ನೋಡಿದರೆ ಅಯ್ಯೋ ಅನ್ನಿಸುತ್ತದೆ.

ನಿಜವಾದ ಮಟ್ಟ ತಿಳಿಯುವುದು ಹೇಗೆ

ದಿನದ ಮೊದಲ ಪ್ರಯತ್ನವನ್ನು ಬರೆದಿಡು. ಕೈ ಬಿಸಿ ಮಾಡಿಕೊಳ್ಳದೆ, ಒಂದು ಗುಂಡೂ ಹೊಡೆಯದೆ, ರೇಂಜಿಗೆ ಹೋದ ಕೂಡಲೇ ಒಂದು ಕ್ಲಾಸಿಫೈಯರ್ ಮಾಡು. ಸಮಯ, ಅಂಕ, ಹಿಟ್ ಫ್ಯಾಕ್ಟರ್ ಬರೆ. ಹತ್ತನೆಯ ಪ್ರಯತ್ನದಲ್ಲಿ ಬಂದ ದಾಖಲೆ ಫೋನಿನಲ್ಲಿ ತೋರಿಸಲು ಚಂದ, ಆದರೆ ಪಂದ್ಯದಲ್ಲಿ ನಿನಗೆ ಸಿಗುವುದು ಮೊದಲನೆಯದು ಮಾತ್ರ. ಇದನ್ನು ಬೇರೆ ಬೇರೆ ದಿನ, ಬೇರೆ ಬೇರೆ ಕ್ಲಾಸಿಫೈಯರ್‌ನಲ್ಲಿ ಮಾಡಿ, ಪ್ರತಿ ಸಲವೂ ಶೇಕಡಾ 75ರ ಮೇಲೇ ಬರುತ್ತಿದ್ದರೆ ನೀನು ಎ ಕ್ಲಾಸ್ ಶೂಟರ್, ಸದಸ್ಯತ್ವದ ಕಾರ್ಡಿನಲ್ಲಿ ಏನೇ ಇರಲಿ. ಒಮ್ಮೆ 82, ಒಮ್ಮೆ 51 ಬಂದರೆ ಇನ್ನೂ ಬಿ, ಅದರಲ್ಲಿ ಅವಮಾನ ಏನೂ ಇಲ್ಲ.

ಮನೆಯಲ್ಲಿ ಡ್ರೈ ಫೈರ್ ಮಾಡು. ಗುಂಡಿಲ್ಲದ ಅಭ್ಯಾಸ ಅದು, ಖರ್ಚಿಲ್ಲ, ಶಬ್ದವಿಲ್ಲ. ನಿಯಮ ಮಾತ್ರ ಕಟ್ಟುನಿಟ್ಟು: ಆ ಕೋಣೆಯಲ್ಲಿ ಒಂದೇ ಒಂದು ನಿಜವಾದ ಗುಂಡೂ ಇರಬಾರದು, ಪಿಸ್ತೂಲ್ ಮತ್ತು ಎಲ್ಲ ಮ್ಯಾಗಝಿನ್ ಖಾಲಿ ಇದೆಯಾ ಅಂತ ಎರಡೆರಡು ಸಲ ನೋಡಬೇಕು, ಚಿಕ್ಕವನಾದರೆ ದೊಡ್ಡವರೊಬ್ಬರು ಜೊತೆಗಿರಲೇಬೇಕು. ಟೈಮರ್‌ಗೆ ಒಂದು ಗಡುವು ಕೊಟ್ಟು, ಸಲೀಸಾಗಿ ಮುಗಿಯುವ ತನಕ ಅದರಲ್ಲೇ ಇರು, ಆಮೇಲೆ ಸ್ವಲ್ಪ ಇಳಿಸು. ದಿನಕ್ಕೆ ಹದಿನೈದು ನಿಮಿಷ ಸಾಕು. ವಾರಕ್ಕೊಮ್ಮೆ ಎರಡು ಗಂಟೆ ಅಭ್ಯಾಸ ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಡ್ರೈ ಫೈರ್‌ನಲ್ಲಿ ಒಂದು ಮೋಸ ಇದೆ, ಪಿಸ್ತೂಲ್ ಒದೆಯುವುದಿಲ್ಲವಾದ್ದರಿಂದ ಹಿಡಿತ ಸಡಿಲವಾಗಿದ್ದರೂ ಗೊತ್ತಾಗುವುದಿಲ್ಲ. ಅದನ್ನು ರೇಂಜಿನಲ್ಲಿಯೇ ಪರೀಕ್ಷೆ ಮಾಡಬೇಕು.

ವೇಗದ ಹಿಂದೆ ಓಡುವ ಮುನ್ನ

ಇದೊಂದು ವಿಷಯದಲ್ಲಿ ನಾನು ಸ್ವಲ್ಪವೂ ಬಗ್ಗುವುದಿಲ್ಲ. ನಳಿಗೆ 180 ಡಿಗ್ರಿ ಗೆರೆ (ಗುರಿಗಳ ಕಡೆ ಮುಖ ಮಾಡಿ ನಿಂತಾಗ ಎಡದಿಂದ ಬಲಕ್ಕೆ ಎಳೆದಂಥ ಕಾಲ್ಪನಿಕ ಗೆರೆ) ದಾಟಿ ಹಿಂದಕ್ಕೆ ತಿರುಗಿದರೆ, ಓಡುವಾಗ ಅಥವಾ ರೀಲೋಡ್ ಮಾಡುವಾಗ ಬೆರಳು ಟ್ರಿಗರ್ ಗಾರ್ಡ್ ಒಳಗಿದ್ದರೆ, ಆ ದಿನದ ಪಂದ್ಯ ಅಲ್ಲಿಗೇ ಮುಗಿಯಿತು. ಆ ಸ್ಟೇಜ್ ಮಾತ್ರ ಅಲ್ಲ, ಇಡೀ ಪಂದ್ಯ. ಇದೆಲ್ಲ ಆಗುವುದು ಸಾಮಾನ್ಯವಾಗಿ ಕೈ ಮನಸ್ಸಿಗಿಂತ ಮುಂದೆ ಓಡಿದಾಗ, ಅಂದರೆ 72ರಿಂದ 75ಕ್ಕೆ ಏರಲು ಬೇಕಾದ ಆ ಶೇಕಡಾ ಮೂರಕ್ಕೆ ಹಟ ಹಿಡಿದು ಹೊಡೆಯುವಾಗ. ಬೆರಳು ಎಲ್ಲಿದೆ ಅಂತ ನೆನಪಿಸಿಕೊಳ್ಳಬೇಕಾದ ಹಂತದಲ್ಲಿ ನೀನಿದ್ದರೆ ಕ್ಲಾಸಿನ ಯೋಚನೆ ಬಿಡು. ಅದು ತಾನಾಗಿ ಸರಿ ಜಾಗದಲ್ಲಿರುವ ತನಕ ನಿಧಾನವಾಗಿಯೇ ಹೊಡಿ.

ಪಿಸ್ತೂಲೂ ಕೈಗೆ ತಕ್ಕದ್ದಿರಲಿ. ಮೈನರ್‌ಗೆ ಪವರ್ ಫ್ಯಾಕ್ಟರ್ 125 ಸಾಕು, ಮೇಜರ್‌ಗೆ 165 ಬೇಕು, ಬೆಳೆಯುವ ಮಣಿಕಟ್ಟಿಗೆ ಮೊದಲನೆಯದೇ ಸರಿ. ಇನ್ನೂ ಚಿಕ್ಕವರಾದರೆ ಸಣ್ಣ ಗುಂಡಿನ .22 ರಿಮ್‌ಫೈರ್ ಪಿಸ್ತೂಲ್ ಹಿಡಿದು ಸ್ಟೀಲ್ ಚಾಲೆಂಜ್‌ನಲ್ಲಿ ಶುರು ಮಾಡುವುದು ಒಳ್ಳೆಯದು. ಐದು ಲೋಹದ ತಟ್ಟೆ, ಕೊನೆಯದು ಟೈಮ್ ನಿಲ್ಲಿಸುವ ತಟ್ಟೆ, ಬಿದ್ದ ಕೂಡಲೇ ಟಣ್ ಅನ್ನುತ್ತದೆ. ಮಕ್ಕಳಿಗೆ ಖುಷಿ, ಒದೆತವೂ ಕಡಿಮೆ.

ಕೆಳಗೇ ಉಳಿಯುವ ಆಸೆ

ಇದಕ್ಕೆ ತದ್ವಿರುದ್ಧ ರೋಗವೂ ಇದೆ. ಬೇಕೆಂದೇ ಕ್ಲಾಸಿಫೈಯರ್ ಕೆಡಿಸಿಕೊಂಡು, ಬಿ ಕ್ಲಾಸಿನಲ್ಲೇ ಉಳಿದು, ಅಲ್ಲಿನ ಬಹುಮಾನ ಹೊಡೆಯುವುದು. ಸ್ಯಾಂಡ್‌ಬ್ಯಾಗಿಂಗ್ ಅನ್ನುತ್ತಾರೆ. ಇದು ಮೋಸ, ಇದರಲ್ಲಿ ಚರ್ಚೆಗೆ ಏನೂ ಇಲ್ಲ. ಸ್ಕ್ವಾಡಿನವರಿಗೆ, ಅಂದರೆ ಪಂದ್ಯದಲ್ಲಿ ಜೊತೆಗೆ ಹೊಡೆಯುವ ಗುಂಪಿನವರಿಗೆ, ಬೇಗ ಗೊತ್ತೂ ಆಗುತ್ತದೆ. 18 ತುಂಬದವರಿಗೆ ಜೂನಿಯರ್ ವಿಭಾಗ ಬೇರೆಯೇ ಇರುವಾಗ ಎಳೆಯರಿಗೆ ಇದರ ಅಗತ್ಯವೂ ಇಲ್ಲ. ಅಲ್ಲಿ ನೋಡುವುದು ವಯಸ್ಸನ್ನು, ಕ್ಲಾಸನ್ನಲ್ಲ.

ಆತುರಪಡದಿರಲು ಇನ್ನೊಂದು ಕಾರಣ, ಇದನ್ನು ಅನೇಕರು ಗಮನಿಸುವುದಿಲ್ಲ. ಒಮ್ಮೆ ಏರಿದ ಕ್ಲಾಸ್ ಶೇಕಡಾ ಬಿದ್ದ ಮಾತ್ರಕ್ಕೆ ತಾನಾಗಿ ಇಳಿಯುವುದಿಲ್ಲ. ಜೊತೆಗೆ, ಒಂದು ಪಿಸ್ತೂಲ್ ಡಿವಿಷನ್‌ನಲ್ಲಿ ಏರಿದರೆ ಉಳಿದವುಗಳಲ್ಲೂ ಅದಕ್ಕಿಂತ ಒಂದೇ ಮೆಟ್ಟಿಲು ಕೆಳಗೆ ಇರಬಹುದು, ಅದಕ್ಕಿಂತ ಕೆಳಗಲ್ಲ. ಓಪನ್ ಡಿವಿಷನ್‌ನಲ್ಲಿ ಹೇಗೋ ಮಾಸ್ಟರ್ ಆದೆ ಅಂದುಕೋ, ನಾಳೆ ಪ್ರೊಡಕ್ಷನ್ ಡಿವಿಷನ್‌ನ ಪಿಸ್ತೂಲ್ ಹಿಡಿದರೆ ಅಲ್ಲಿ ಎ ಕ್ಲಾಸಿನವರ ಜೊತೆ ನಿಲ್ಲಬೇಕು, ಆ ಪಿಸ್ತೂಲ್ ನಿನಗೆ ಹೊಸದಾಗಿದ್ದರೂ.

ಅಪ್ಪ ಅಮ್ಮನಿಗೆ ಎರಡು ಮಾತು

ರ‍್ಯಾಂಕ್ ಮತ್ತು ಫಲಿತಾಂಶ ಒಂದೇ ಅಲ್ಲ. ಬೇರೆ ಆಟದ ಉದಾಹರಣೆ, ಆದರೆ ಎಲ್ಲರಿಗೂ ನೆನಪಿರುವುದು: 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲ್‌ನಲ್ಲಿ 19 ವರ್ಷದ ಸೌರಭ್ ಚೌಧರಿ 586 ಅಂಕದೊಂದಿಗೆ ಅರ್ಹತಾ ಸುತ್ತಿನಲ್ಲಿ ಮೊದಲಿಗ, ಫೈನಲ್‌ನಲ್ಲಿ ಏಳನೆಯವ. ಏರ್ ರೈಫಲ್‌ನಲ್ಲಿ ವಿಶ್ವದ ನಂಬರ್ ಒನ್ ಆಗಿ ಹೋದ ಇಳವೇನಿಲ್ ವಾಳರಿವನ್ ಫೈನಲ್ ತಲುಪಲೇ ಇಲ್ಲ. ಇಬ್ಬರೂ ಅಸಾಧಾರಣ ಶೂಟರ್‌ಗಳೇ. ಹಾಗಾಗಿ ಕಾರಿನಲ್ಲಿ ವಾಪಸ್ ಬರುವಾಗ 'ಶೇಕಡಾ ಎಷ್ಟು?' ಅಂತ ಕೇಳಬೇಡಿ. 'ಯಾವ ಸ್ಟೇಜ್ ಅಂದುಕೊಂಡ ಹಾಗೆ ಹೋಯಿತು?' ಅಂತ ಕೇಳಿ. ಮಗು ಬಾಯಿಬಿಟ್ಟು ಮಾತಾಡುತ್ತದೆ, ಎಲ್ಲಿ ಎಡವಿತು ಅನ್ನುವುದೂ ಅದರಲ್ಲೇ ಗೊತ್ತಾಗುತ್ತದೆ.

ಪಂದ್ಯದ ಫಲಿತಾಂಶ ಓದುವುದು

ಬಿ ದಾಟುವ ಹೊತ್ತಿಗೆ ಇದನ್ನು ಕಲಿತುಬಿಡು. ಫಲಿತಾಂಶದ ಪಟ್ಟಿ ಬಂದಾಗ ನಿನ್ನ ಕ್ಲಾಸಿನ ಪುಟ ಬಿಟ್ಟು ಡಿವಿಷನ್‌ನ ಒಟ್ಟು ಪಟ್ಟಿ ತೆಗಿ. ಗೆದ್ದವರ ಶೇಕಡಾ ಎಷ್ಟು ನೀನು ಹೊಡೆದೆ ಅಂತ ನೋಡು. ಅದೇ ಜನ, ಅದೇ ಕ್ಲಬ್ ಇದ್ದರೆ ತಿಂಗಳಿಂದ ತಿಂಗಳಿಗೆ ಈ ಸಂಖ್ಯೆ ಹೇಗೆ ಸಾಗುತ್ತಿದೆ ಅನ್ನುವುದು ಯಾವ ಕಾರ್ಡಿಗಿಂತಲೂ ನಿಜ ಹೇಳುತ್ತದೆ.

ಆಮೇಲೆ ನಿನಗಿಂತ ಸ್ವಲ್ಪ ಮೇಲಿರುವ ಇಬ್ಬರು ಮೂವರನ್ನು ಆರಿಸಿ, ಒಂದೊಂದು ಸ್ಟೇಜಿನಲ್ಲೂ ಅವರ ಸಮಯ ಮತ್ತು ಅಂಕವನ್ನು ನಿನ್ನದರ ಪಕ್ಕದಲ್ಲಿಟ್ಟು ನೋಡು. ತೀರಾ ಮೇಲಿನ ಗ್ರ್ಯಾಂಡ್ ಮಾಸ್ಟರ್ ಬೇಡ, ಅವರಿಂದ ನೀನು ಎಲ್ಲದರಲ್ಲೂ ಹಿಂದಿರುತ್ತೀಯ, ಏನೂ ತಿಳಿಯುವುದಿಲ್ಲ. ಸಿಗಬಹುದಾದ ಅಂಕದಲ್ಲಿ ಶೇಕಡಾ 95ಕ್ಕಿಂತ ಜಾಸ್ತಿ ಗಳಿಸಿಯೂ ಹಿಂದಿದ್ದರೆ ನೀನು ನಿಧಾನ, ಕಾಲಿನ ಕೆಲಸ ನೋಡು. 90ಕ್ಕಿಂತ ಕೆಳಗಿದ್ದರೆ ಆತುರ, ಪಿಸ್ತೂಲ್ ಮೇಲಿನ ಸೈಟ್ (ಗುರಿ ಹಿಡಿಯುವ ಗುರುತು) ನೋಡದೆ ಹೊಡೆಯುತ್ತಿದ್ದೀಯ. ಮಿಸ್‌ಗಳನ್ನು ಬೇರೆಯಾಗಿ ಎಣಿಸು, ಎಷ್ಟು ಅನ್ನುವುದಕ್ಕಿಂತ ಎಲ್ಲಿ ಅಂತ: ರೀಲೋಡ್ ಆದ ತಕ್ಷಣದ ಮೊದಲ ಗುಂಡಿನಲ್ಲಾ, ಓಡಿ ಬಂದು ನಿಂತ ಕೂಡಲೇನಾ, ಅಥವಾ ಸ್ಟೇಜಿನ ಕೊನೆಯ ಗುರಿಯಲ್ಲಾ? ಕೊನೆಯ ಗುರಿಯಲ್ಲಾದರೆ ಮುಗಿಯಿತು ಅಂತ ಮನಸ್ಸು ಮೊದಲೇ ಹೊರಟುಬಿಟ್ಟಿರುತ್ತದೆ, ಎಳೆಯರಲ್ಲಿ ನಾನು ಅತಿ ಹೆಚ್ಚು ನೋಡುವುದು ಇದನ್ನೇ. ಮುಂದಿನ ಎರಡು ವಾರದ ಅಭ್ಯಾಸ ಆ ಉತ್ತರದಿಂದ ಶುರುವಾಗಲಿ.