ಜೆಟ್ಟಿನ ಹಲ್ಲು ನೋಡುವುದು

ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದೆ. ಹೈದರಾಬಾದ್ ಹತ್ತಿರದ ಹಾಕಿಂಪೇಟೆಯಲ್ಲಿ ಕಿರಣ್, ಇಸ್ಕ್ರಾ ಎಂಬ ಎರಡೂ ತರಬೇತಿ ಜೆಟ್‌ಗಳಿಗೆ ಕೈ ಹಾಕಿದವನು. 2004ರ ಡಿಸೆಂಬರಿನಲ್ಲಿ ಇಸ್ಕ್ರಾ ನಿವೃತ್ತಿಯಾಯಿತು, ಮರುವರ್ಷ ನಾನೂ ಪೆನ್ಷನ್ ಹಿಡಿದು ಹಾಸನಕ್ಕೆ ಬಂದೆ. ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆಗುತ್ತೆ, ಅಲ್ಲೇ ಕೆಲಸ ಸಿಗುತ್ತೆ ಅಂದರು ಎಲ್ಲರೂ. (ಅದಿನ್ನೂ ಆಗುತ್ತಲೇ ಇದೆ.) ಸಿಕ್ಕಿದ್ದು ಹೊರದೇಶದಲ್ಲಿ: ಸೇನೆಗಳು ಮಾರಿದ ತರಬೇತಿ ಜೆಟ್‌ಗಳನ್ನು ಕೊಳ್ಳುವವರ ಪರವಾಗಿ ನೋಡಿ ವರದಿ ಕೊಡುವ ಕೆಲಸ.

ಹೆಚ್ಚಾಗಿ ನೋಡಿದ್ದು ಜೆಕ್ ದೇಶದ ಎಲ್-39. 1968ರಲ್ಲಿ ಮೊದಲು ಹಾರಿದ್ದು, ಸುಮಾರು 2,900 ತಯಾರಾದವು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಎಷ್ಟೋ ವಿಮಾನ ಅಮೆರಿಕದ ಖಾಸಗಿಯವರ ಕೈ ಸೇರಿದವು.

ಚಿಕ್ಕಪ್ಪ ನೆನಪಾಗುತ್ತಿದ್ದರು. ದನದ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಯ ಮೈ ಸವರುತ್ತ ನಿಂತರೆ, "ಲೋ, ಮೈ ಆಮೇಲೆ ನೋಡೀವಂತೆ, ಮೊದ್ಲು ಬಾಯಿ ಬಿಡ್ಸು" ಅನ್ನೋರು. ಜೆಟ್ಟಿಗೆ ಹಲ್ಲು ಅಂದರೆ ಅದರ ಪುಸ್ತಕ. ಎಂಜಿನ್ನಿಗೆ 'ಫಾರ್ಮುಲ್ಯಾರ್', ಬಿಡಿಭಾಗಗಳಿಗೆ ಒಂದೊಂದು 'ಪಾಸ್‌ಪೋರ್ಟ್', ಬಹುಪಾಲು ರಷ್ಯನ್ನಿನಲ್ಲಿ. ಅಕ್ಷರ ಕಲಿತುಕೊಂಡೆ. ಎಂಜಿನ್ ಮೇಲಿನ ತಗಡಿನ ನಂಬರು ಪುಸ್ತಕಕ್ಕೆ ತಾಳೆಯಾಗದಿದ್ದರೆ ಅಲ್ಲಿಗೆ ಮಾತು ಮುಗಿಸುತ್ತಿದ್ದೆ.

"ತುಂಬಾ ಕಡಿಮೆ ಹಾರಿದೆ" ಅಂದರೆ ನನಗೆ ಅನುಮಾನವೇ ಹೆಚ್ಚು. ಇವಕ್ಕೆ ಆಯಸ್ಸು ಗಂಟೆಯಲ್ಲೂ ಇದೆ, ವರ್ಷದಲ್ಲೂ ಇದೆ. ಹತ್ತು ವರ್ಷ ಶೆಡ್ಡಿನಲ್ಲಿ ನಿಂತದ್ದರ ಸೀಲು ಒಣಗಿರುತ್ತದೆ, ರಬ್ಬರ್ ಪೈಪು ಬಿರಿದಿರುತ್ತದೆ. ಎಂಜಿನ್ನಿನ ಒಳಗನ್ನು ತೋರಿಸುವ ಕೊಳವೆ ಕ್ಯಾಮೆರಾ, ಬೋರೋಸ್ಕೋಪ್, ಒಳಬಿಟ್ಟರೆ ತುಕ್ಕು. ವಾರವಾರ ಹಾರುತ್ತಿದ್ದ ಹಳೇ ವಿಮಾನವೇ ವಾಸಿ.

ನಾನು ಎಡವಿದ್ದು ಸೀಟಿನಲ್ಲಿ. ಒಂದಕ್ಕೆ ಎಂಜಿನ್, ಮೈ ಎಲ್ಲ ಸರಿ ಅಂತ ಸಹಿ ಹಾಕಿದೆ. ಪೈಲಟ್ಟನ್ನು ಹೊರಗೆ ಚಿಮ್ಮಿಸುವ ಸೀಟಿನ ಮದ್ದಿನ ಕಾರ್ಟ್ರಿಡ್ಜ್‌ಗಳ ಅವಧಿ ಮುಗಿದಿತ್ತು, ನೋಡಿರಲಿಲ್ಲ. ಸ್ಫೋಟಕವಲ್ಲವೇ, ಹೊಸದನ್ನು ತರಿಸಲು ಬೇರೆಯೇ ಪರವಾನಗಿ. ಕೊಂಡವರು ಏಳು ತಿಂಗಳು ಕಾದರು. ಫೀಸಿನಲ್ಲಿ ಅರ್ಧ ಬಿಟ್ಟುಕೊಟ್ಟೆ.

ಕಾಯುವುದು ದೇಶಗಳಿಗೂ ತಪ್ಪಿದ್ದಲ್ಲ. ನ್ಯೂಜಿಲೆಂಡ್ ತನ್ನ ಯುದ್ಧವಿಮಾನ ದಳ ಮುಚ್ಚಿದ್ದು 2001ರಲ್ಲಿ. ಅದರಲ್ಲಿದ್ದ ಸ್ಕೈಹಾಕ್ ಯುದ್ಧವಿಮಾನ ಅಮೆರಿಕದ್ದು, ಮತ್ತೊಬ್ಬರಿಗೆ ಮಾರಲು ಅಮೆರಿಕ ಒಪ್ಪಬೇಕು. 8 ಸ್ಕೈಹಾಕ್, 9 ಏರ್‌ಮಾಕಿ ಎಂಬಿ-339 ತರಬೇತಿ ಜೆಟ್ ಅಮೆರಿಕದ ಡ್ರೇಕನ್ ಎಂಬ ಖಾಸಗಿ ಕಂಪನಿಗೆ ಮಾರಾಟವಾಗುವಷ್ಟರಲ್ಲಿ 2012. ಆ ಏರ್‌ಮಾಕಿಯೊಳಗಿದ್ದದ್ದು ವೈಪರ್ ಎಂಜಿನ್, ನಮ್ಮ ಹಳೇ ಕಿರಣ್‌ನ ಎಂಜಿನ್ನಿಗೆ ನೆಂಟ.

ಈಗ ಊರಲ್ಲೇ ಇದ್ದೇನೆ. ಹೋದ ತಿಂಗಳು ಸಕಲೇಶಪುರದ ಕಾಫಿ ಪ್ಲಾಂಟರ್ ಒಬ್ಬರು ಬಂದು, "ಹಳೇ ಜೆಟ್ ಒಂದನ್ನ ತೋಟದ ಮನೆ ಮುಂದೆ ನಿಲ್ಲಿಸ್ಬೇಕು ಸಾರ್, ಹಾರದಿದ್ರೂ ಪರವಾಗಿಲ್ಲ" ಅಂದರು. ಸೀಟಿನ ಕಾರ್ಟ್ರಿಡ್ಜ್ ತೆಗೆದಿದ್ದಾರಾ ಅಂತ ಮೊದಲು ಕೇಳಿ ಅಂದೆ.