177ನೇ ಹುಡುಗನನ್ನು ಮೊದಲೇ ಗುರುತಿಸುವುದು ಹೇಗೆ?

2023ರ ಸೆಪ್ಟೆಂಬರ್ 10, ಭಾನುವಾರ. ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ ಸೀಸನ್ನಿನ ಮೊದಲ ವಾರ. ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಪೂಕಾ ನಕೂವಾ ಎಂಬ ಹೊಸ ಹುಡುಗ ಸಿಯಾಟಲ್ ವಿರುದ್ಧ 10 ಕ್ಯಾಚ್ ಹಿಡಿದು 119 ಗಜ ಗಳಿಸಿದ. ನಿಜವಾದ ಆಟಗಾರರನ್ನು ಆರಿಸಿ, ಅವರ ಆಟಕ್ಕೆ ಪಾಯಿಂಟ್ ಎಣಿಸುವ ಫ್ಯಾಂಟಸಿ ಲೀಗು ನ್ಯೂಜೆರ್ಸಿಯ ನಮ್ಮ ಆಫೀಸಿನಲ್ಲಿದೆ, ಹನ್ನೆರಡು ಜನ ಇದ್ದೇವೆ. ಅವನು ಯಾರ ತಂಡದಲ್ಲೂ ಇರಲಿಲ್ಲ. ಮಂಗಳವಾರ ರಾತ್ರಿ ನಾನು ನೂರು ಡಾಲರಿನ ಆಟದ ದುಡ್ಡಿನಲ್ಲಿ ಒಂಬತ್ತು ಡಾಲರ್ ಕೂಗಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಅಕೌಂಟ್ಸ್‌ನವರೊಬ್ಬರು 38 ಕೊಟ್ಟು ಎತ್ತಿಕೊಂಡು ಹೋಗಿದ್ದರು. ಮುಂದಿನ ಭಾನುವಾರ ಅವನು 15 ಕ್ಯಾಚ್ ಹಿಡಿದ. ವರ್ಷದ ಕೊನೆಗೆ 105 ಕ್ಯಾಚ್, 1,486 ಗಜ. ಹೊಸಬನೊಬ್ಬ ಮೊದಲ ಸೀಸನ್ನಿನಲ್ಲೇ ಅಷ್ಟು ಗಜ ಗಳಿಸಿದ್ದು ಅದೇ ಮೊದಲು.

ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವಾಗ, ಅವನ ಹೆಸರು ಕೂಗುವ ಹೊತ್ತಿಗೆ 176 ಹುಡುಗರ ಹೆಸರು ಮುಗಿದಿತ್ತು.

ಇಂಥ ಹುಡುಗನನ್ನು ನಾಲ್ಕು ತಿಂಗಳು ಮೊದಲೇ ಗುರುತಿಸಬಹುದಾ? ಖಚಿತವಾಗಿ ಆಗುವುದಿಲ್ಲ. ಆದರೆ ನೂರು ಹೆಸರಿನ ಪಟ್ಟಿಯನ್ನು ಎಂಟು ಹತ್ತಕ್ಕೆ ಇಳಿಸಬಹುದು. ಹೇಗೆ ಅಂತ ನೋಡೋಣ.

ಊರಿನಲ್ಲಿ ಓದುತ್ತಿರುವವರಿಗೆ ಎರಡು ಮಾತು

ಇಲ್ಲಿ ಫುಟ್‌ಬಾಲ್ ಎಂದರೆ ಅಮೆರಿಕದ್ದು. ಮೊಟ್ಟೆಯಾಕಾರದ ಚೆಂಡು, ಹೆಲ್ಮೆಟ್, ಗುದ್ದಾಟ. ಪ್ರತಿ ಏಪ್ರಿಲ್ ಕೊನೆಗೆ ಎನ್‌ಎಫ್‌ಎಲ್‌ನ 32 ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಐಪಿಎಲ್ ಥರ ಹರಾಜಿಲ್ಲ, ಸರದಿ ಅಷ್ಟೇ. ಏಳು ಸುತ್ತು, ಸುಮಾರು 260 ಹುಡುಗರು. ಗುರುವಾರ ಮೊದಲ ಸುತ್ತು, ಶುಕ್ರವಾರ ಎರಡು ಮತ್ತು ಮೂರು, ಶನಿವಾರ ನಾಲ್ಕರಿಂದ ಏಳು. ಟಿವಿಯವರ ಸಡಗರವೆಲ್ಲ ಗುರುವಾರಕ್ಕೇ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಹೆಸರುಗಳು ಪರದೆಯ ಕೆಳಗೆ ಸುಮ್ನೆ ಓಡಿಹೋಗುತ್ತಿರುತ್ತವೆ. ನಮ್ಮ ಕೆಲಸ ಇರುವುದು ಆ ಶನಿವಾರದಲ್ಲಿ.

ಫ್ಯಾಂಟಸಿಯ ಲೆಕ್ಕ ಸುಲಭ. ಓಡಿ ಇಲ್ಲವೇ ಚೆಂಡು ಹಿಡಿದು ಗಳಿಸಿದ ಹತ್ತು ಗಜಕ್ಕೆ ಒಂದು ಪಾಯಿಂಟ್, ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ) ಆರು, ಹೆಚ್ಚಿನ ಲೀಗುಗಳಲ್ಲಿ ಕ್ಯಾಚಿಗೂ ಒಂದು. ಹಾಗಾಗಿ ನಕೂವಾನ ಆ ಮೊದಲ ಪಂದ್ಯದ ಬೆಲೆ 21.9 ಪಾಯಿಂಟ್. ಮುಖ್ಯವಾಗಿ ಚೆಂಡು ಮುಟ್ಟುವವರಿಗೇ ಪಾಯಿಂಟ್. ಆದ್ದರಿಂದ ನೋಡಬೇಕಾದದ್ದು ನಾಲ್ಕೇ ಜಾಗ: ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್, ಎಸೆದ ಚೆಂಡು ಹಿಡಿಯುವ ವೈಡ್ ರಿಸೀವರ್, ಎದುರಾಳಿಯನ್ನು ತಡೆಯುತ್ತಾ ಚೆಂಡನ್ನೂ ಹಿಡಿಯುವ ಟೈಟ್ ಎಂಡ್. ಉಳಿದವರೆಲ್ಲ ಎಷ್ಟೇ ದೊಡ್ಡ ಆಟಗಾರರಾಗಲಿ, ಪಟ್ಟಿಯಿಂದ ಹೊಡೆದುಹಾಕಿ. ಅರ್ಧಕ್ಕಿಂತ ಜಾಸ್ತಿ ಹೆಸರು ಅಲ್ಲೇ ಹೋಯಿತು.

ಹೆಜ್ಜೆ 1: ಯಾಕೆ ಕೆಳಗೆ ಬಿದ್ದ ಅಂತ ಕೇಳಿ

ಎಲ್ಲರೂ ತಪ್ಪು ಮಾಡುವುದು ಇಲ್ಲೇ. ಹುಡುಗ ಎಷ್ಟು ಚೆನ್ನಾಗಿ ಆಡುತ್ತಾನೆ ಅಂತ ಯೂಟ್ಯೂಬ್‌ನಲ್ಲಿ ಹುಡುಕಲು ಕೂರುತ್ತಾರೆ. ಮೂರು ನಿಮಿಷದ ವಿಡಿಯೊದಲ್ಲಿ ಎಲ್ಲರೂ ಚೆನ್ನಾಗಿಯೇ ಆಡುತ್ತಾರೆ! ಅದನ್ನು ಬಿಡಿ. 32 ತಂಡದವರು ಸಂಬಳ ತಗೊಂಡು ವರ್ಷವಿಡೀ ಇದೇ ಕೆಲಸ ಮಾಡುತ್ತಾರೆ, ದಡ್ಡರಲ್ಲ. ಅವರು ಇವನನ್ನು ನಾಲ್ಕೈದು ಸಲ ದಾಟಿ ಹೋಗಿದ್ದಾರೆ ಅಂದರೆ ಕಾರಣ ಇದ್ದೇ ಇರುತ್ತದೆ. ಆ ಕಾರಣವನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಆಮೇಲೆ ಕೇಳಿ: ಈ ಕಾರಣ ಮೈದಾನದಲ್ಲಿ ಅವನ ಕೈ ಕಟ್ಟುತ್ತದಾ?

ನಕೂವಾನ ಸಾಲು: ಗಾಯ. ಮೊದಲು ವಾಷಿಂಗ್ಟನ್, ಆಮೇಲೆ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ. ಎರಡು ಕಡೆಯೂ ಪಂದ್ಯ ತಪ್ಪಿಸಿಕೊಂಡಿದ್ದ. ಗಾಯ ವಾಸಿಯಾಗುತ್ತದೆ.

ಜಾರ್ಜ್ ಕಿಟಲ್, 2017, ಐದನೇ ಸುತ್ತು, 146ನೇ ಹೆಸರು. ಅವನ ಸಾಲು: ಚೆಂಡೇ ಬರಲಿಲ್ಲ. ಅಯೋವಾ ವಿಶ್ವವಿದ್ಯಾಲಯದಲ್ಲಿ ಇಡೀ ಕಾಲೇಜು ಜೀವನಕ್ಕೆ 48 ಕ್ಯಾಚ್. ಅಯೋವಾದವರು ಓಟ ನಂಬಿ ಆಡುವವರು. ಅಲ್ಲಿ ಟೈಟ್ ಎಂಡ್ ಅಂದರೆ ಮೊದಲು ಎದುರಾಳಿಯನ್ನು ತಳ್ಳುವ ಕೆಲಸ, ಚೆಂಡು ಆಮೇಲೆ. ಇದು ಹುಡುಗನ ತಪ್ಪಲ್ಲ. ಮರುವರ್ಷವೇ, 2018ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊಗೆ 1,377 ಗಜ ಗಳಿಸಿ ಟೈಟ್ ಎಂಡ್‌ಗಳ ದಾಖಲೆ ಮುರಿದ.

ಇನ್ನೊಂದು ಸಾಲು ಬರೆಯುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಇಸಾಯಾ ಪಚೆಕೊ. ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ರಟ್ಗರ್ಸ್ ವಿಶ್ವವಿದ್ಯಾಲಯದ ಹುಡುಗ. ಟಿಕೆಟ್ ಕೊಂಡು ಹೋಗಿ ಕಣ್ಣಾರೆ ನೋಡಿದ್ದೇನೆ. ಆಗಿನ ರಟ್ಗರ್ಸ್ ಗೆಲ್ಲುವುದಕ್ಕಿಂತ ಸೋಲುವುದೇ ಜಾಸ್ತಿ. ಅವನು ಓಡಲು ಶುರು ಮಾಡುವ ಮೊದಲೇ ಎದುರಿನವರು ಬಂದು ಬೀಳುತ್ತಿದ್ದರು. ‘ಇವನದ್ದೇನೂ ಇಲ್ಲ’ ಅಂತ ನಾನು ತೀರ್ಮಾನಿಸಿ, ಕಡಲೆಕಾಯಿ ತಿನ್ನುತ್ತಾ ಕೂತಿದ್ದೆ. 2022ರಲ್ಲಿ ಕಾನ್ಸಾಸ್ ಸಿಟಿ ಏಳನೇ ಸುತ್ತಿನಲ್ಲಿ, 251ನೇ ಹೆಸರಾಗಿ ತಗೊಂಡಿತು. ಆ ಸೀಸನ್ನಿನಲ್ಲಿ 830 ಗಜ ಓಡಿದ. ಸೀಸನ್ನಿನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಟಚ್‌ಡೌನ್ ಕೂಡ ಹೊಡೆದ. ಸೋಲುವ ತಂಡದಲ್ಲಿದ್ದ ಅನ್ನುವುದು ಕಾರಣವೇ ಹೊರತು ಕೊರತೆಯಲ್ಲ. ನನಗೆ ಅದು ಹೊಳೆಯಲಿಲ್ಲ.

ಎಲ್ಲ ಕಾರಣಗಳೂ ಹೀಗೆ ಕ್ಷಮಿಸುವಂಥವಲ್ಲ. ರಿಸೀವರ್‌ಗೆ ಚೆಂಡು ಕೈಯಿಂದ ಜಾರುತ್ತದೆ ಅಂತ ಬರೆದಿದ್ದರೆ ಬಿಟ್ಟುಬಿಡಿ. ‘ಯಾವ ಕೋಚ್‌ಗೂ ಆಗಿಬರಲ್ಲ’ ಅಂತ ಬರೆದಿದ್ದರೂ ಬಿಟ್ಟುಬಿಡಿ. ಈ ಎರಡು ಸಾಲನ್ನು ಲೆಕ್ಕಿಸದೆ ನಾನು ಕಳೆದುಕೊಂಡ ವರ್ಷಗಳಿವೆ.

ಹೆಜ್ಜೆ 2: ಮೊತ್ತ ನೋಡಬೇಡಿ, ಪಾಲು ನೋಡಿ

ಒಬ್ಬ ರಿಸೀವರ್ ಕಾಲೇಜಿನಲ್ಲಿ 800 ಗಜ ಗಳಿಸಿದ ಅಂದುಕೊಳ್ಳಿ. ಜಾಸ್ತಿಯೋ ಕಡಿಮೆಯೋ? ಹೇಳಲಾಗದು. ತಂಡದವರೆಲ್ಲ ಸೇರಿ ಹಿಡಿದದ್ದು 4,000 ಗಜ ಆದರೆ ಅವನ ಪಾಲು ಐದರಲ್ಲಿ ಒಂದು. ತಂಡದ್ದೇ 2,000 ಆದರೆ ಐದರಲ್ಲಿ ಎರಡು. ಎರಡನೆಯವನ ತಂಡಕ್ಕೆ ಅವನೇ ಗತಿ ಅಂತ ಅರ್ಥ. ಎದುರಾಳಿಗೂ ಅದು ಗೊತ್ತಿತ್ತು, ಆದರೂ ಹಿಡಿದ. ನನ್ನ ಅಂದಾಜಿನಲ್ಲಿ ಶೇ 30 ದಾಟಿದರೆ ಹೆಸರಿನ ಮುಂದೆ ಒಂದು ಗೆರೆ ಎಳೆಯಬಹುದು.

ಇದರ ಜೊತೆಗೆ ವಯಸ್ಸು. ಈ ಪಾಲು ಅವನಿಗೆ ಹತ್ತೊಂಬತ್ತಕ್ಕೆ ಸಿಕ್ಕಿತೋ, ಇಪ್ಪತ್ತಮೂರಕ್ಕೋ? ತನಗಿಂತ ಮೂರು ವರ್ಷ ದೊಡ್ಡವರ ನಡುವೆ ಚೆಂಡು ಕಿತ್ತುಕೊಂಡ ಹುಡುಗ ಬೇರೆ. ಐದನೇ ವರ್ಷದಲ್ಲಿ ಚಿಕ್ಕವರ ಮೇಲೆ ಆಡಿದವನು ಬೇರೆ. ಕಾಲೇಜುಗಳ ವೆಬ್‌ಸೈಟಿನಲ್ಲಿ ವರ್ಷವಾರು ಅಂಕಿ ಪುಕ್ಕಟೆ ಸಿಗುತ್ತದೆ. ಒಂದು ಎಕ್ಸೆಲ್ ಶೀಟ್, ಒಂದು ಸಂಜೆ ಸಾಕು. ಟೈಟ್ ಎಂಡ್‌ಗಳಿಗೆ ಮಾತ್ರ ಈ ಲೆಕ್ಕ ಕೈಕೊಡುತ್ತದೆ. ಕಿಟಲ್ ಇದರಲ್ಲಿ ಫೇಲ್ ಆಗುತ್ತಿದ್ದ.

ಹೆಜ್ಜೆ 3: ಗಡಿಯಾರಕ್ಕೆ ಗೌರವ ಕೊಡಿ, ಕೈ ಮುಗಿಯಬೇಡಿ

ಫೆಬ್ರವರಿ ಕೊನೆಯ ಹೊತ್ತಿಗೆ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ನಡೆಯುತ್ತದೆ. 40 ಗಜದ ಓಟ, ಎತ್ತರ ಜಿಗಿತ, ಉದ್ದ ಜಿಗಿತ ಎಲ್ಲಾ ಅಳೆಯುತ್ತಾರೆ. ಪಚೆಕೊ 4.37 ಸೆಕೆಂಡಿನಲ್ಲಿ ಓಡಿದ್ದ. ಕಿಟಲ್ ಆ ಮೈಕಟ್ಟಿನಲ್ಲಿ 4.52. ಇಬ್ಬರ ಗಡಿಯಾರವೂ ‘ಇಲ್ಲಿ ಏನೋ ಇದೆ’ ಅಂತ ಕೂಗಿ ಹೇಳಿತ್ತು. ಕೆಟ್ಟ ಅಂಕಿಯ ಹಿಂದೆ ಒಳ್ಳೆಯ ಓಟ ಇದ್ದರೆ ಮತ್ತೊಮ್ಮೆ ಕಡತ ತೆಗೆದು ನೋಡಿ.

ತಿರುಗುಮುರುಗಾದರೆ? ಕೈರನ್ ವಿಲಿಯಮ್ಸ್, ನಾಟ್ರ್ ಡೇಮ್ ವಿಶ್ವವಿದ್ಯಾಲಯ. ತೂಕ 88 ಕಿಲೋ, ಓಟ 4.65. ಚಿಕ್ಕವನೂ ಹೌದು, ನಿಧಾನವೂ ಹೌದು. 2022ರಲ್ಲಿ ಐದನೇ ಸುತ್ತು, 164ನೇ ಹೆಸರು. ಇವನನ್ನು ಗಡಿಯಾರದಲ್ಲಿ ಹುಡುಕಿದರೆ ಸಿಗುವುದಿಲ್ಲ. ಇವನಿಗೆ ವಿಡಿಯೊವೇ ಬೇಕು, ಅದೂ ಬೇರೆ ಥರದ್ದು.

ಪೂರ್ತಿ ಪಂದ್ಯದ ವಿಡಿಯೊ ಹಾಕಿ. ಮೂರನೇ ಡೌನ್ (ಹತ್ತು ಗಜ ಮುಂದೆ ಹೋಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), ಎಂಟು ಗಜ ಬೇಕು. ಎಲ್ಲರಿಗೂ ಗೊತ್ತು, ಈಗ ಚೆಂಡು ಎಸೆಯುತ್ತಾರೆ. ಚೆಂಡಿನ ಮೇಲಿಂದ ಕಣ್ಣು ತೆಗೆಯಿರಿ. ಕ್ವಾರ್ಟರ್‌ಬ್ಯಾಕ್ ಪಕ್ಕದಲ್ಲಿ ನಿಂತ ರನ್ನಿಂಗ್ ಬ್ಯಾಕ್‌ನನ್ನೇ ನೋಡಿ. ಎದುರಿನ ಗೋಡೆಯ ಸಂದಿಯಿಂದ ನೂರು ಕಿಲೋ ದಾಟಿದ ಲೈನ್‌ಬ್ಯಾಕರ್ ನುಗ್ಗಿ ಬರುತ್ತಾನೆ. ಹುಡುಗ ಅವನನ್ನು ಮೊದಲೇ ಕಂಡುಕೊಂಡನಾ? ಒಂದು ಹೆಜ್ಜೆ ಮುಂದಿಟ್ಟು ಎದೆಗೆ ಎದೆ ಕೊಟ್ಟನಾ, ಅಥವಾ ಪಕ್ಕಕ್ಕೆ ಸರಿದು ಸುಮ್ನೆ ನಿಂತನಾ? ಈ ಎರಡು ಸೆಕೆಂಡಿಗೆ ಫ್ಯಾಂಟಸಿಯಲ್ಲಿ ಸೊನ್ನೆ ಪಾಯಿಂಟ್. ಆದರೆ ಇದು ಬಾರದ ಹೊಸಬನನ್ನು ಯಾವ ಕೋಚ್ ಕೂಡ ಮೈದಾನದಲ್ಲಿ ಇಡುವುದಿಲ್ಲ. ಕ್ವಾರ್ಟರ್‌ಬ್ಯಾಕ್‌ನ ಪಕ್ಕೆಲುಬಿನ ಪ್ರಶ್ನೆ, ಅಲ್ವಾ? ವಿಲಿಯಮ್ಸ್ ಕಾಲೇಜಿನಲ್ಲೇ ಇದನ್ನು ಚೆನ್ನಾಗಿ ಮಾಡುತ್ತಿದ್ದ. ಮೊದಲ ವರ್ಷ ಗಾಯದಿಂದ ಹಾಳಾಯಿತು, ಬರೀ 35 ಸಲ ಓಡಿದ. ಎರಡನೇ ವರ್ಷ 12 ಪಂದ್ಯದಲ್ಲಿ 1,144 ಗಜ.

ಹೆಜ್ಜೆ 4: ಖಾಲಿ ಕುರ್ಚಿ ಎಲ್ಲಿದೆ?

ನನ್ನ ಕೇಳಿದರೆ ಇದೇ ಅರ್ಧ ಲೆಕ್ಕ. ಕೊನೇ ಸುತ್ತಿನ ಹುಡುಗನಿಗೆ ತಂಡ ಹೆಚ್ಚು ದುಡ್ಡು ಸುರಿದಿರುವುದಿಲ್ಲ. ಮೊದಲ ಸುತ್ತಿನವನಿಗೆ ಎರಡು ವರ್ಷ ಕಾಯುತ್ತಾರೆ, ಇವನಿಗೆ ಎರಡು ವಾರವೂ ಕಾಯುವುದಿಲ್ಲ. ಹಾಗಾಗಿ ಮುಂದೆ ಎಷ್ಟು ಜನ ನಿಂತಿದ್ದಾರೆ ಅನ್ನುವುದು ಮುಖ್ಯ.

ನಮಗೆ ಇದೇನೂ ಹೊಸದಲ್ಲ. 2022ರ ಹರಾಜಿನಲ್ಲಿ ರಜತ್ ಪಾಟೀದಾರನನ್ನು ಯಾರೂ ಕೊಳ್ಳಲಿಲ್ಲ. ಗಾಯವಾದವರ ಜಾಗಕ್ಕೆ ಆರ್‌ಸಿಬಿಗೆ ಬಂದ, ಲಖನೌ ವಿರುದ್ಧದ ಎಲಿಮಿನೇಟರ್‌ನಲ್ಲಿ ಔಟಾಗದೆ 112 ಹೊಡೆದ. ಕುರ್ಚಿ ಖಾಲಿಯಾಗದಿದ್ದರೆ ಆ ಸಂಜೆ ಅವನೂ ಟಿವಿ ಮುಂದೆ ಕೂತಿರುತ್ತಿದ್ದನೇನೋ.

ಪ್ರತಿ ತಂಡದ ವೆಬ್‌ಸೈಟಿನಲ್ಲಿ ‘ಡೆಪ್ತ್ ಚಾರ್ಟ್’ ಇರುತ್ತದೆ. ಯಾವ ಜಾಗಕ್ಕೆ ಮೊದಲು ಯಾರು, ಆಮೇಲೆ ಯಾರು ಅನ್ನುವ ಪಟ್ಟಿ. ನಿಮ್ಮ ಹುಡುಗನ ಮೇಲೆ ಎಷ್ಟು ಹೆಸರಿವೆ ಎಣಿಸಿ. ಆ ಹೆಸರುಗಳಿಗೆ ವಯಸ್ಸೆಷ್ಟು, ಹೋದ ವರ್ಷ ಎಷ್ಟು ಪಂದ್ಯ ತಪ್ಪಿತು, ಕರಾರು ಯಾವಾಗ ಮುಗಿಯುತ್ತದೆ ನೋಡಿ. ನಕೂವಾನ ತಂಡದ ಮುಖ್ಯ ರಿಸೀವರ್ ಕೂಪರ್ ಕಪ್ ತೊಡೆಯ ಸ್ನಾಯು ಸೆಳೆತದಿಂದ ಮೊದಲ ನಾಲ್ಕು ಪಂದ್ಯ ಆಡಲಿಲ್ಲ. ಡೆಟ್ರಾಯ್ಟ್‌ಗೆ 2021ರಲ್ಲಿ ನಾಲ್ಕನೇ ಸುತ್ತಿನಲ್ಲಿ ಹೋದ ಆಮನ್‌ರಾ ಸೇಂಟ್ ಬ್ರೌನ್‌ಗೆ ಪೈಪೋಟಿಯೇ ಇರಲಿಲ್ಲ. ಹಳೆಯ ರಿಸೀವರ್‌ಗಳು ಬೇರೆ ತಂಡಕ್ಕೆ ಹೋಗಿಯಾಗಿತ್ತು. ಮೊದಲ ವರ್ಷವೇ 90 ಕ್ಯಾಚ್. ಅಂದಹಾಗೆ, ತನಗಿಂತ ಮೊದಲು ಆಯ್ಕೆಯಾದ 16 ರಿಸೀವರ್‌ಗಳ ಹೆಸರನ್ನೂ ಅವನು ಬಾಯಿಪಾಠ ಮಾಡಿಟ್ಟುಕೊಂಡಿದ್ದಾನೆ. ಕೇಳಿದರೆ ಒಪ್ಪಿಸುತ್ತಾನೆ!

ಕ್ವಾರ್ಟರ್‌ಬ್ಯಾಕ್ ವಿಷಯದಲ್ಲಿ ಮಾತ್ರ ಈ ಕುರ್ಚಿ ಲೆಕ್ಕಕ್ಕೆ ಸಿಗುವುದಿಲ್ಲ. ಬ್ರಾಕ್ ಪರ್ಡಿ 2022ರ ಡ್ರಾಫ್ಟಿನ ಕಟ್ಟಕಡೆಯ ಹೆಸರು, 262ನೇಯದು. ಅವನ ಮುಂದಿದ್ದ ಇಬ್ಬರೂ ಒಂದೇ ಸೀಸನ್ನಿನಲ್ಲಿ ಕಾಲು ಮುರಿದುಕೊಂಡರು. ಮರುವರ್ಷ ಅವನು ಸೂಪರ್ ಬೌಲ್ ಆಡಿದ. ಇದನ್ನು ಮೊದಲೇ ಕಂಡಿದ್ದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2000ದಲ್ಲಿ 199ನೇ ಹೆಸರಾಗಿ ಬಂದು ದಂತಕಥೆಯಾದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯ ಕಥೆಯನ್ನೂ ಈ ಕೆಲಸಕ್ಕೆ ತರಬೇಡಿ. ಶನಿವಾರದ ಕ್ವಾರ್ಟರ್‌ಬ್ಯಾಕ್‌ಗಳನ್ನು ನಾನು ಮುಟ್ಟುವುದೇ ಇಲ್ಲ.

ಡ್ರಾಫ್ಟ್‌ನಲ್ಲಿ ಹೆಸರೇ ಬಾರದವರನ್ನೂ ಒಮ್ಮೆ ನೋಡಿ. ಇಲಿನಾಯ್ ಸ್ಟೇಟ್ ಎಂಬ ಸಣ್ಣ ದರ್ಜೆಯ ತಂಡದ ಜೇಮ್ಸ್ ರಾಬಿನ್ಸನ್‌ನನ್ನು 2020ರಲ್ಲಿ ಏಳು ಸುತ್ತಿನಲ್ಲೂ ಯಾರೂ ಕರೆಯಲಿಲ್ಲ. ಆಗಸ್ಟ್ 31ಕ್ಕೆ ಜ್ಯಾಕ್ಸನ್‌ವಿಲ್ ತಂಡ ತನ್ನ ದೊಡ್ಡ ಹೆಸರಿನ ರನ್ನಿಂಗ್ ಬ್ಯಾಕ್ ಲೆನರ್ಡ್ ಫೋರ್ನೆಟ್‌ನನ್ನು ಕೈಬಿಟ್ಟಿತು. ಎರಡು ವಾರದಲ್ಲಿ ರಾಬಿನ್ಸನ್ ಮೊದಲ ಪಂದ್ಯದ ಶುರುವಿನಿಂದಲೇ ಮೈದಾನಕ್ಕಿಳಿದ. ಆ ವರ್ಷ 1,070 ಗಜ ಓಡಿದ.

ಹೆಜ್ಜೆ 5: ಯಾವಾಗ ಕೈ ಹಾಕಬೇಕು, ಎಷ್ಟು ಕೊಡಬೇಕು

ಆಗಸ್ಟ್ ತಿಂಗಳು ಪೂರ್ತಿ ಕಿವಿ ತೆರೆದಿಟ್ಟುಕೊಳ್ಳಿ. ತಂಡಗಳು 90 ಜನರಿಂದ 53ಕ್ಕೆ ಇಳಿಯುವುದು ಆ ತಿಂಗಳ ಕೊನೆಯಲ್ಲಿ. ಪೂರ್ವಭಾವಿ ಪಂದ್ಯಗಳಲ್ಲಿ ಹುಡುಗ ಎಷ್ಟು ಗಜ ಹೊಡೆದ ಅನ್ನುವುದು ಬೇಡ. ಯಾರ ಜೊತೆ ಆಡಿದ ನೋಡಿ. ಮೊದಲ ದರ್ಜೆಯವರ ಜೊತೆ ಹತ್ತು ನಿಮಿಷ ನಿಂತಿದ್ದರೆ, ಕೊನೆಯವರ ಮೇಲೆ ಹೊಡೆದ ಎರಡು ಟಚ್‌ಡೌನ್‌ಗಿಂತ ಅದು ಮೇಲು. ಇಷ್ಟರಲ್ಲಿ ಸದ್ದು ಜೋರಾದರೆ ಬೆಲೆಯೂ ಏರುತ್ತದೆ. 2025ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ತಂಡ ತನ್ನ ರನ್ನಿಂಗ್ ಬ್ಯಾಕ್ ಬ್ರಯನ್ ರಾಬಿನ್ಸನ್‌ನನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಕಳಿಸಿದ್ದೇ ತಡ, ಅದೇ ತಂಡಕ್ಕೆ 245ನೇ ಹೆಸರಾಗಿ ಬಂದಿದ್ದ ಜಕೋರಿ ಕ್ರಾಸ್ಕಿ-ಮೆರಿಟ್ ಎಲ್ಲರ ಬಾಯಲ್ಲಿ. ಜುಲೈನಲ್ಲಿ ಫ್ಯಾಂಟಸಿ ಆಯ್ಕೆಯ ಕೊನೇ ಸುತ್ತಿಗೆ ಸಿಗುತ್ತಿದ್ದವನಿಗೆ ಜನ ನಡುಸುತ್ತಿನ ಬೆಲೆ ಕೊಟ್ಟರು. ಅಷ್ಟಾದ ಮೇಲೆ ನಾನಾದರೆ ಕೈ ಹಾಕುವುದಿಲ್ಲ. ಅಗ್ಗಕ್ಕೆ ಸಿಕ್ಕರೆ ಮಾತ್ರ ಈ ಆಟಕ್ಕೆ ಅರ್ಥ.

ಹನ್ನೆರಡು ಜನರ ಲೀಗಿನಲ್ಲಿ ಕೊನೆಯ ಎರಡು ಜಾಗ ಇಂಥವರಿಗೆ ಮೀಸಲಿಡಿ, ಅದಕ್ಕಿಂತ ಜಾಸ್ತಿ ಬೇಡ. ಹೆಚ್ಚಿನವರು ಸೋಲುತ್ತಾರೆ, ಅದನ್ನು ಲೆಕ್ಕಕ್ಕೆ ತಗೊಂಡೇ ಇಳಿಯಿರಿ. ಮೊದಲ ಭಾನುವಾರ ಯಾರಾದರೂ ಸಿಡಿದರೆ ಸ್ಕೋರಿಗಿಂತ ಮೊದಲು ಎರಡು ಅಂಕಿ ನೋಡಿ: ಪಂದ್ಯದಲ್ಲಿ ಎಷ್ಟು ಹೊತ್ತು ಮೈದಾನದಲ್ಲಿದ್ದ, ಎಷ್ಟು ಸಲ ಚೆಂಡು ಅವನ ಕಡೆ ಬಂತು. ಎರಡೂ ದೊಡ್ಡದಿದ್ದರೆ ಜಿಪುಣತನ ಮಾಡಬೇಡಿ. ಒಂಬತ್ತು ಡಾಲರಿಗೆ ಏನಾಗುತ್ತದೆ ಅಂತ ಆಗಲೇ ಹೇಳಿದೆನಲ್ಲ.

ಇನ್ನು ಬಿಡುವುದು ಯಾವಾಗ? ಒಂದೇ ವರ್ಷದ ಲೀಗ್ ಆದರೆ, ನಾಲ್ಕನೇ ವಾರದ ಹೊತ್ತಿಗೆ ಮೈದಾನದಲ್ಲಿ ಕಾಣದ ರನ್ನಿಂಗ್ ಬ್ಯಾಕ್‌ನನ್ನು ಬಿಟ್ಟುಬಿಡಿ. ರಿಸೀವರ್‌ಗೆ ಸ್ವಲ್ಪ ಜಾಸ್ತಿ ಸಮಯ ಕೊಡಿ. ಸೇಂಟ್ ಬ್ರೌನ್ ಕುದುರಿದ್ದು ಡಿಸೆಂಬರ್‌ನಲ್ಲಿ. ವರ್ಷದಿಂದ ವರ್ಷಕ್ಕೆ ಅದೇ ತಂಡ ಇಟ್ಟುಕೊಳ್ಳುವ ಡೈನಾಸ್ಟಿ ಲೀಗ್ ಆದರೆ ಟೈಟ್ ಎಂಡ್‌ಗಳನ್ನು ಎರಡು ವರ್ಷ ಬಿಡದೆ ಇಟ್ಟುಕೊಳ್ಳಿ. ನಮ್ಮ ಲೀಗಿನಲ್ಲಿ ಅಂಥವರನ್ನಿಡುವ ಜಾಗಕ್ಕೆ ‘ಉಪ್ಪಿನಕಾಯಿ ಜಾಡಿ’ ಅಂತಲೇ ಹೆಸರು. ನನ್ನ ಜಾಡಿಯಲ್ಲಿ ಸದ್ಯ ಇಬ್ಬರಿದ್ದಾರೆ, ಯಾರು ಅಂತ ಮಾತ್ರ ಹೇಳುವುದಿಲ್ಲ. ಆಫೀಸಿನಲ್ಲಿ ಈ ಪುರವಣಿ ಓದುವವರು ಇನ್ನಿಬ್ಬರಿದ್ದಾರೆ.